ಹುಳದ ಮನೆಯಲ್ಲಿ ಸೊಸೆ

ರೇಷ್ಮೆ ಹುಳು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ದಿನವೂ ಸಿಕ್ಕಿಕೊಂಡಿಲ್ಲ. ಅದರ ಉದ್ಧಾರಕ್ಕೆಂದೇ ಒಂದು ಕೇಂದ್ರ ಮಂಡಳಿ, ಆ ಮಂಡಳಿಯ ಹೆಸರು ಹೊತ್ತ ಒಂದು ಸರ್ಕಲ್ಲು, ಆ ಸರ್ಕಲ್ಲಿನಲ್ಲಿ ಹಾರನ್ ಕೇಳುತ್ತ ಕೂದಲು ಹಣ್ಣಾಗಿಸಿಕೊಂಡ ಒಂದು ತಲೆಮಾರಿನ ಸಾಫ್ಟ್‌ವೇರ್ ಜನ. ಇದ್ಯಾವುದರ ಗೊಡವೆಯೂ ಇಲ್ಲದೆ ಹುಳು ಮಾತ್ರ ತನ್ನ ತಟ್ಟೆಯಲ್ಲೇ ಸೊಪ್ಪು ತಿಂದು, ಅಲ್ಲೇ ಪಕ್ಕದಲ್ಲಿ ಗೂಡು ಕಟ್ಟಿ ಕೆಲಸ ಮುಗಿಸಿತು. ಕ್ಯಾಬ್ ಕೇಳಲಿಲ್ಲ, ಕೊರಳಿಗೆ ಐಡಿ ಕಾರ್ಡ್ ಕೇಳಲಿಲ್ಲ. 1973ರಲ್ಲಿ ಅಮೆರಿಕದ ಜಾಕ್ ನಿಲ್ಸ್ ಎಂಬ ಇಂಜಿನಿಯರು, ಜನರನ್ನು ಕೆಲಸದ ಬಳಿಗೆ ಸಾಗಿಸುವ ಬದಲು ಕೆಲಸವನ್ನೇ ಜನರ ಬಳಿಗೆ ಸಾಗಿಸಬಾರದೇಕೆ ಎಂದು ಕೇಳಿದ್ದಕ್ಕೆ ಜಗತ್ತು ಅವರನ್ನು ಈ ಪದ್ಧತಿಯ ಪಿತಾಮಹ ಎನ್ನುತ್ತದೆ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಹುಳು ಅದಕ್ಕೂ ಸುಮಾರು ಇನ್ನೂರು ವರ್ಷ ಮೊದಲೇ ವರ್ಕ್ ಫ್ರಮ್ ಹೋಮ್ ಮಾಡುತ್ತಿತ್ತು. ಅದೂ ನಮ್ಮದೇ ಹೋಮಿನಲ್ಲಿ.

ಬೇರಿಕೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸೂರಿನಿಂದ ಬಾಗಲೂರು ಮೇಲೆ ಬಂದರೆ ಸಿಗುವ ಊರು ಇದು. ಹೆಸರಿಗೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ; ಸ್ವಲ್ಪ ಮುಂದೆ ಹೋದರೆ ಮಾಸ್ತಿಯವರ ಹೆಸರಿನಲ್ಲಿರುವ ಮಾಸ್ತಿ, ಅಂದರೆ ಕರ್ನಾಟಕ; ಆಂಧ್ರವೂ ದೂರವಿಲ್ಲ. ಮನೆಯೊಳಗೆ ಕನ್ನಡ, ಎದುರು ಮನೆಯಲ್ಲಿ ತೆಲುಗು, ಬಸ್ಸಿನ ಬೋರ್ಡಿನಲ್ಲಿ ತಮಿಳು, ನನ್ನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷು. ಈಗ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವ ನನ್ನ ಗಂಡನ ಮನೆಯವರು ಮೊದಲು ರೇಷ್ಮೆ ಸಾಕುತ್ತಿದ್ದವರು. ಹಿತ್ತಿಲ ಕಡೆ ಒಂದು ಉದ್ದನೆಯ ಕೋಣೆಯಿದೆ. ಹುಳು ಬಿಟ್ಟು ಎಷ್ಟೋ ಕಾಲವಾದರೂ ಅದರ ಹೆಸರು ಹುಳದ ಮನೆಯೇ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದಾಗ ನಮ್ಮ ಕಂಪನಿ ಕೈಗೊಂದು ಲ್ಯಾಪ್‌ಟಾಪು ಕೊಟ್ಟು ಮನೆಗೆ ಕಳಿಸಿತು. ಮನೆಯವರು ಆ ಕೋಣೆಯ ಧೂಳು ಹೊಡೆದು ಒಂದು ಮೇಜು ಹಾಕಿದರು. ಹುಳು ಖಾಲಿ ಮಾಡಿದ ಸೀಟಿಗೆ ನಾನು ಬಂದೆ.

ಆ ಸೀಟಿನ ಹಿಂದಿನ ಮರ್ಯಾದೆಯನ್ನು ಅತ್ತೆಯ ಬಾಯಲ್ಲೇ ಕೇಳಬೇಕು. ಹುಳು ಇದ್ದ ಕಾಲದಲ್ಲಿ ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಚಪ್ಪಲಿ ಹೊರಗೆ. ಬೀಡಿ ಸೇದಿ ಬಂದವರು ಇನ್ನೂ ಹೊರಗೆ. ಊದುಬತ್ತಿ ಹಚ್ಚುವಂತಿಲ್ಲ, ಒಗ್ಗರಣೆಯ ಘಾಟು ಆ ಕಡೆ ಸುಳಿಯುವಂತಿಲ್ಲ. ಮುಟ್ಟಾದವರು ಹೊಸ್ತಿಲು ದಾಟುವಂತಿಲ್ಲ. ಮಕ್ಕಳು ಬಾಗಿಲ ಬಳಿ ಗದ್ದಲ ಮಾಡಿದರೆ ಬೆನ್ನಿಗೆ ಏಟು. ಇರುವೆ ಹತ್ತದಂತೆ ತಟ್ಟೆಯ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು, ಊಜಿ ನೊಣ ನುಗ್ಗದಂತೆ ಕಿಟಕಿಗೆ ಬಲೆ. ಬಿಸಿಲು ಏರಿದರೆ ಗೋಣಿಚೀಲಕ್ಕೆ ನೀರು ಚಿಮುಕಿಸಿ ತಂಪು ಮಾಡುತ್ತಿದ್ದರು, ಚಳಿ ಬಿದ್ದರೆ ಕೆಂಡದ ಬಾಣಲೆ ಇಡುತ್ತಿದ್ದರು. ಹತ್ತಿರದ ನೆಂಟರು ಬಂದರೂ ‘ಹುಳ ಅವೆ, ಆಮೇಲೆ ನೋಡ್ಕೊಳ್ರಿ’ ಎಂದು ಜಗಲಿಯಲ್ಲೇ ಕೂರಿಸಿ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವರ ಮನೆಯಲ್ಲೂ ಹುಳವಿತ್ತು.

ನಾನು ಬಂದ ಮೇಲೆ ಅಷ್ಟೂ ನಿರ್ಬಂಧಗಳು ತೆರವಾದವು. ಚಪ್ಪಲಿ ಒಳಗೆ ಬಂತು. ಈರುಳ್ಳಿ ಮೂಟೆ ಬಂತು, ಗುಲಾಬಿಗೆ ಹೊಡೆಯುವ ಔಷಧಿಯ ಡಬ್ಬಗಳು ಬಂದವು, ಪಕ್ಕದ ಮನೆಯವರ ಕೊರಿಯರು ಬಂತು. ಅಡುಗೆಮನೆಯ ಘಾಟು ನೇರವಾಗಿ ಬಂದು ಸೇರುತ್ತದೆ. ಹುಳಕ್ಕೆ ಆಗುತ್ತಿರಲಿಲ್ಲ, ನನಗೆ ಆಗುತ್ತದಂತೆ. ಮುಟ್ಟಿನ ನಿಯಮವೂ ಸಡಿಲಾಯಿತು: ಹೊಟ್ಟೆನೋವಿದ್ದರೂ ಒಂಬತ್ತೂವರೆಗೆ ಲಾಗಿನ್ ಆಗಲೇಬೇಕು. ಕಿಟಕಿಯ ಬಲೆ ಮಾತ್ರ ಇನ್ನೂ ಇದೆ. ಅದು ಊಜಿ ನೊಣವನ್ನು ತಡೆಯುತ್ತದೆ, ಊರ ಜನವನ್ನು ತಡೆಯುವುದಿಲ್ಲ.

ಊರ ಜನಕ್ಕೆ ಗೊತ್ತಿರುವುದು ಒಂದೇ ಮಾತು: ‘ಮನೇಲೇ ಅವ್ಳಲ್ಲ.’ ಗ್ಯಾಸ್ ಸಿಲಿಂಡರಿನವನು ಬಂದರೆ ಮನೇಲೇ ಅವ್ಳಲ್ಲ, ಅವಳ ಹತ್ರ ಕೊಟ್ಟುಬಿಡು. ಹಸು ಈಯುವ ಹಾಗಿದೆ, ಮನೇಲೇ ಅವ್ಳಲ್ಲ, ಒಂದು ಕಣ್ಣಿಟ್ಟಿರಲಿ. ಎದುರು ಮನೆಯವರು ಧರ್ಮಸ್ಥಳಕ್ಕೆ ಹೊರಟರೆ ಬೀಗದ ಕೈ ನನ್ನ ಮೇಜಿನ ಮೇಲೆ. ಅವರ ಕೋಳಿಗಳಿಗೆ ಕಾಳು ಹಾಕುವ ಹೊತ್ತನ್ನೂ ಹೇಳಿ ಹೋಗುತ್ತಾರೆ. ಆ ಹೊತ್ತಿಗೆ ಸರಿಯಾಗಿ ನನ್ನ ಕ್ಲೈಂಟ್ ಕಾಲ್ ಇರುತ್ತದೆ ಎನ್ನುವುದು ಕೋಳಿಗೂ ಗೊತ್ತು, ಅವರಿಗೆ ಗೊತ್ತಿಲ್ಲ.

ಲ್ಯಾಪ್‌ಟಾಪು ಎಂದರೆ ಇಂಟರ್ನೆಟ್ಟು, ಇಂಟರ್ನೆಟ್ಟು ಎಂದರೆ ಸರ್ಕಾರ. ಹಾಗಾಗಿ ನಾನು ಊರಿನ ಇ-ಸೇವೈ ಕೇಂದ್ರವೂ ಹೌದು. ಜಮೀನಿನ ಪಟ್ಟಾ ಚಿಟ್ಟಾ ತೆಗೆದುಕೊಡಬೇಕು, ಕರೆಂಟ್ ಬಿಲ್ಲು ಕಟ್ಟಬೇಕು, ಆಧಾರಿನಲ್ಲಿ ಹುಟ್ಟಿದ ದಿನ ಸರಿ ಮಾಡಿಸಲು ಅರ್ಜಿ ತುಂಬಬೇಕು, ಯಾರದೋ ಮಗನಿಗೆ ಸರ್ಕಾರಿ ಪರೀಕ್ಷೆಯ ಹಾಲ್ ಟಿಕೆಟ್ ತೆಗೆಯಬೇಕು. ಕೇಂದ್ರದಲ್ಲಿ ಇದಕ್ಕೆಲ್ಲ ದುಡ್ಡು ಕೊಡಬೇಕು, ಸಾಲಿನಲ್ಲಿ ನಿಲ್ಲಬೇಕು. ನನ್ನಲ್ಲಿ ಎರಡೂ ಇಲ್ಲ. ಒಬ್ಬ ದೊಡ್ಡಪ್ಪನವರಂತೂ ನಾನು ಹೆಡ್‌ಫೋನ್ ಹಾಕಿಕೊಂಡು ಸಿಂಗಪುರದ ಒಬ್ಬರಿಗೆ ಲೆಕ್ಕ ಒಪ್ಪಿಸುತ್ತಿರುವಾಗ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು, ಸರ್ವೆ ನಂಬರನ್ನು ಜೋರಾಗಿ ಹೇಳಿದರು. ಆ ಕಡೆಯವರು ಅದನ್ನು ಇನ್‌ವಾಯ್ಸ್ ನಂಬರೆಂದು ಬರೆದುಕೊಂಡರು.

ಇದೇ ಮನೆಯ ಮೇಲಂತಸ್ತಿನಲ್ಲಿ ಇನ್ನೊಂದು ವರ್ಕ್ ಫ್ರಮ್ ಹೋಮ್ ನಡೆಯುತ್ತದೆ. ಅದು ನನ್ನ ಗಂಡನದು. ಕೆಲಸ ಅದೇ, ಕಂಪನಿ ಬೇರೆ. ಅಲ್ಲಿ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ, ಚಿಲಕ ಬಿದ್ದರೆ ಇಡೀ ಮನೆ ಪಿಸುಮಾತಿಗೆ ಇಳಿಯುತ್ತದೆ. ಮಗಳು ಮೆಟ್ಟಿಲು ಧಡಧಡ ಹತ್ತಿದರೆ ಅತ್ತೆ ಬೆರಳು ತುಟಿಗಿಡುತ್ತಾರೆ: ‘ಶ್! ನಿಮ್ಮಪ್ಪ ಆಫೀಸ್‌ನಾಗವ್ನೆ.’ ಹನ್ನೊಂದಕ್ಕೆ ಕಾಫಿ ಮೇಲೆ ಹೋಗುತ್ತದೆ, ನಾಲ್ಕಕ್ಕೆ ಟೀ ಹೋಗುತ್ತದೆ, ಒಯ್ಯುವುದು ಯಾರೆಂದು ಕೇಳಬೇಡಿ. ಅವರು ಕೆಳಗಿಳಿದು ಬಂದಾಗ ಆಫೀಸಿನಿಂದ ಬಂದವರಿಗೆ ಸಲ್ಲುವ ಉಪಚಾರವೆಲ್ಲ ಸಲ್ಲುತ್ತದೆ. ‘ಪಾಪ, ಬೆಳಗ್ಗೆಯಿಂದ ಕೂತು ಕೂತು ಬೆನ್ನೆಲ್ಲ ಹೋಗೈತೆ’ ಎಂಬ ಮಾತು ಸಮೇತ. ನನ್ನ ಬೆನ್ನು ಹೋಗುವುದಿಲ್ಲ. ಅದಕ್ಕೆ ಕೂರಲು ಬಿಡುವಿದ್ದರೆ ತಾನೇ? ನನ್ನ ಗಂಡ ಕೆಟ್ಟವರಲ್ಲ. ಮೊನ್ನೆ ಅವರೇ ಹೇಳಿದರು, ‘ನೀನೂ ಬಾಗಿಲು ಹಾಕಿಕೋ.’ ಹುಳದ ಮನೆಯ ಬಾಗಿಲು ಹಾಕಿದರೆ ಈರುಳ್ಳಿ ತೆಗೆಯುವುದು ಹೇಗೆ ಎಂದು ಅತ್ತೆ ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವಷ್ಟು ಹೊತ್ತು ನನ್ನ ಗಂಡನಿಗೆ ಇರಲಿಲ್ಲ, ಮೀಟಿಂಗ್ ಇತ್ತು.

ಬಾಗಿಲು ಹಾಕದ ಗಂಡಸಿನ ಗತಿಯೇನೆಂದು ಜಗತ್ತು 2017ರ ಮಾರ್ಚ್ 10ರಂದು ನೋಡಿದೆ. ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಪ್ರೊಫೆಸರ್ ರಾಬರ್ಟ್ ಕೆಲ್ಲಿ ಮನೆಯಿಂದಲೇ ಬಿಬಿಸಿಗೆ ನೇರ ಸಂದರ್ಶನ ಕೊಡುತ್ತಿದ್ದಾಗ ಪುಟ್ಟ ಮಗಳು ಕುಣಿಯುತ್ತ ಬಂದಳು, ಹಿಂದೆಯೇ ವಾಕರಿನಲ್ಲಿ ಮಗು ಉರುಳಿ ಬಂತು, ಅದರ ಹಿಂದೆ ಹೆಂಡತಿ ಜಾರುತ್ತ ಬಂದು ಎರಡನ್ನೂ ಎಳೆದೊಯ್ದರು. ಜಗತ್ತು ನಕ್ಕು ನಕ್ಕು ಅವರನ್ನು ಮೆಚ್ಚಿಕೊಂಡಿತು. ಪ್ರೊಫೆಸರು ಕುರ್ಚಿ ಬಿಟ್ಟು ಏಳಲಿಲ್ಲ, ಅದೂ ಮೆಚ್ಚುಗೆಯಾಯಿತು. ನೋಡಿದವರಲ್ಲಿ ಎಷ್ಟೋ ಮಂದಿ ಆ ಹೆಂಡತಿಯನ್ನು ಮನೆಗೆಲಸದವಳೆಂದು ತಿಳಿದರು. ಆ ವಿಡಿಯೋ ನೋಡಿದಾಗಲೆಲ್ಲ ನನಗೆ ಒಂದೇ ಕುತೂಹಲ: ಕ್ಯಾಮೆರಾದ ಮುಂದೆ ಆಕೆ ಕೂತಿದ್ದರೆ ಮಕ್ಕಳ ಹಿಂದೆ ಜಾರಿ ಬರುತ್ತಿದ್ದವರು ಯಾರು? ನಮ್ಮಲ್ಲಾದರೆ ಉತ್ತರ ಸುಲಭ. ಕ್ಯಾಮೆರಾ ಆಫ್ ಮಾಡಿ ಆಕೆಯೇ ಜಾರಬೇಕು.

ಕಾನೂನು ನಮ್ಮನ್ನು ಮರೆತಿದೆ ಎನ್ನುವಂತಿಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದರು. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಕೂಸಿನ ಮನೆ ಇರಬೇಕು; ಕೆಲಸದ ಸ್ವರೂಪ ಒಗ್ಗುವುದಾದರೆ, ರಜೆ ಮುಗಿದ ಮೇಲೂ ಹೆಂಗಸು ಮಾಲೀಕರೊಂದಿಗೆ ಮಾತಾಡಿಕೊಂಡು ಮನೆಯಿಂದ ಕೆಲಸ ಮಾಡಬಹುದು. ಎರಡೂ ಒಳ್ಳೆಯ ಮಾತು. ಎರಡನ್ನೂ ಒಟ್ಟಿಗೆ ಓದುವ ಕಂಪನಿಗೆ ಇನ್ನೂ ಒಳ್ಳೆಯದು. ಅಮ್ಮಂದಿರನ್ನು ಮನೆಗೆ ಕಳಿಸಿದರೆ ಆಫೀಸಿನ ಕೂಸಿನ ಮನೆಯಲ್ಲಿ ಕೂಸುಗಳೇ ಇರುವುದಿಲ್ಲ. ಆ ಜಾಗದಲ್ಲಿ ಟೇಬಲ್ ಟೆನಿಸ್ ಆಡಬಹುದು. ಕೂಸಿನ ಮನೆ ಬೇರಿಕೆಗೆ ವರ್ಗವಾಗುತ್ತದೆ. ಅಲ್ಲಿ ನೌಕರರ ಸಂಖ್ಯೆ ಒಂದು, ಐವತ್ತಕ್ಕೆ ನಲವತ್ತೊಂಬತ್ತು ಕಮ್ಮಿ.

ಇನ್ನು ಮ್ಯಾನೇಜರು. ಅವರಿಗೂ ನಮ್ಮ ಅತ್ತೆಗೂ ಪರಿಚಯವಿಲ್ಲ, ಆದರೆ ಇಬ್ಬರ ನಂಬಿಕೆ ಒಂದೇ: ಮನೆಯಲ್ಲಿರುವವಳು ಖಾಲಿ ಇರುತ್ತಾಳೆ. ಅತ್ತೆ ಅದನ್ನು ನೇರವಾಗಿ ಹೇಳುತ್ತಾರೆ. ಮ್ಯಾನೇಜರು ‘ನಿಮಗೆ ಹೇಗೂ ಓಡಾಟದ ಹೊತ್ತು ಉಳಿದಿದೆಯಲ್ಲ’ ಎಂದು ಶುರು ಮಾಡುತ್ತಾರೆ. ಉಳಿದ ಹೊತ್ತನ್ನು ಅವರೂ ಲೆಕ್ಕ ಹಾಕಿಟ್ಟಿದ್ದಾರೆ, ಇವರೂ ಲೆಕ್ಕ ಹಾಕಿಟ್ಟಿದ್ದಾರೆ, ಹೊತ್ತು ಒಂದೇ. ಆಫೀಸಿನ ಆ್ಯಪ್‌ನಲ್ಲಿ ನನ್ನ ಹೆಸರಿನ ಪಕ್ಕ ಒಂದು ಹಸಿರು ಚುಕ್ಕಿಯಿದೆ. ಕೆಲವು ನಿಮಿಷ ಮೌಸ್ ಅಲ್ಲಾಡದಿದ್ದರೆ ಅದು ಹಳದಿಯಾಗುತ್ತದೆ. ಸಾರಿಗೆ ಒಗ್ಗರಣೆ ಕೊಡುವಷ್ಟರಲ್ಲಿ ಹಳದಿ. ಹಾಲು ಉಕ್ಕುವುದನ್ನು ಕಾದರೆ ಹಳದಿ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು, ಕೀಬೋರ್ಡಿನಲ್ಲಿ ಕೆಲಸ ಮಾಡುತ್ತಿರುವಂತೆ ನಟಿಸಿದ್ದಕ್ಕೆ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತೆಂದು ಸುದ್ದಿಯಾಯಿತು. ನಮ್ಮ ಮನೆಯಲ್ಲಿ ಆ ಭಯವಿಲ್ಲ. ನಾನು ಮುದ್ದೆ ಕಟ್ಟುವಾಗ ಮಗಳೇ ಮೌಸ್ ಹಿಡಿದು ಆಡಿಸುತ್ತಾಳೆ. ಅದು ನಟನೆಯಲ್ಲ, ಆಟ.

ಮುದ್ದೆಯ ಹೊತ್ತೂ ಈಗ ನಮ್ಮ ಕೈಯಲ್ಲಿಲ್ಲ. ಅಮೆರಿಕದವರು ಮಾರ್ಚಿನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಗಡಿಯಾರ ತಿರುಗಿಸುತ್ತಾರೆ. ಅವರು ಅಲ್ಲಿ ಮುಳ್ಳು ತಿರುಗಿಸಿದರೆ ಬೇರಿಕೆಯಲ್ಲಿ ಕೋಲು ತಿರುಗಿಸುವ ಹೊತ್ತು ಒಂದು ಗಂಟೆ ಆ ಕಡೆ ಈ ಕಡೆಯಾಗುತ್ತದೆ. ಮಾವನವರಿಗೆ ಇದನ್ನು ವಿವರಿಸಲು ಹೋದೆ. ಹೊತ್ತು ಎನ್ನುವುದು ಸೂರ್ಯನದು, ಅದನ್ನು ಯಾರೂ ತಿರುಗಿಸೋಕಾಗಲ್ಲ ಎಂದರು. ಅವರ ಮಾತು ಸರಿ, ಆದರೆ ಸೂರ್ಯ ನಮ್ಮ ಕ್ಲೈಂಟ್ ಅಲ್ಲ.

ಈ ವಿಷಯದಲ್ಲಿ ಹುಳು ಎಷ್ಟೋ ಮೇಲು. ಹುಳು ಬದುಕುವುದೇ ಇಪ್ಪತ್ತೈದು ಇಪ್ಪತ್ತೆಂಟು ದಿನ, ಅಷ್ಟರಲ್ಲಿ ನಾಲ್ಕು ಸಲ ಅದಕ್ಕೆ ಜ್ವರ ಬರುತ್ತದೆ. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮೊದಲಿನ ನಿದ್ದೆ. ತಲೆ ಎತ್ತಿ, ತಿನ್ನುವುದು ಬಿಟ್ಟು, ಅಲ್ಲಾಡದೆ ಕೂತುಬಿಡುತ್ತದೆ. ಆಗ ಯಾರೂ ಅದಕ್ಕೆ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ‘ಒಂದು ಸಣ್ಣ ಅಪ್‌ಡೇಟ್ ಬೇಕಿತ್ತು’ ಎನ್ನುವುದಿಲ್ಲ. ಎಲ್ಲ ಹುಳವೂ ಎದ್ದ ಮೇಲೆಯೇ ಮುಂದಿನ ಸೊಪ್ಪು. ಒಂದೆರಡು ಮುಂಚೆ ಎದ್ದರೂ ಮಿಕ್ಕವು ಏಳುವ ತನಕ ಕಾಯುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಮನೆಯವರಿಗೆ ನಿದ್ದೆಯಿಲ್ಲ. ಹುಳು ಒಟ್ಟು ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಅತ್ತೆ ನಡುರಾತ್ರಿ ಎದ್ದು ಸೊಪ್ಪು ಹಾಕಿದ್ದನ್ನು ಇವತ್ತಿಗೂ ಅಭಿಮಾನದಿಂದ ಹೇಳುತ್ತಾರೆ. ನಾನು ನಡುರಾತ್ರಿ ಲ್ಯಾಪ್‌ಟಾಪು ತೆರೆದರೆ ಹೇಳುವುದು: ‘ಅದೇನ್ ನೋಡ್ತಾಳೋ ರಾತ್ರಿಯೆಲ್ಲ.’

ದೇಶ ಕಟ್ಟುವವರು ನಮಗೆ ಗುರಿಗಳನ್ನು ಕೊಟ್ಟಿದ್ದಾರೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ಸಿನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರು ಅದನ್ನು 90ಕ್ಕೆ ಏರಿಸಿದರು. ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಧಾಟಿಯಲ್ಲಿ ಕೇಳಿದರು. ಅವರ ಮನೆಯ ಮಾತು ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ನೋಡಬೇಕೆಂದರೂ ಅಷ್ಟು ಹೊತ್ತು ನನ್ನ ಮುಖ ಒಂದು ಕಡೆ ನಿಂತಿರುವುದಿಲ್ಲ.

ಅವರಿಬ್ಬರಿಗೂ ತಿಳಿಸಬೇಕಾದ ಒಂದು ಶುಭಸುದ್ದಿಯಿದೆ. ಗುರಿ ತಲುಪಿಯಾಗಿದೆ. ಕೇಂದ್ರ ಸರ್ಕಾರವೇ 2024ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿದೆ. ಅದರ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಕ್ಕಳು ಮುದುಕರನ್ನು ನೋಡಿಕೊಳ್ಳುವವರು ಅದಕ್ಕೆ ಇನ್ನೂ 137 ನಿಮಿಷ ಕೊಡುತ್ತಾರೆ. ಎರಡನ್ನೂ ಏಳರಿಂದ ಗುಣಿಸಿ. ವಾರಕ್ಕೆ ಸುಮಾರು 50 ಗಂಟೆ. ಅದಕ್ಕೆ ಆಫೀಸಿನ 45 ಗಂಟೆ ಸೇರಿಸಿ. ಮೂರ್ತಿಯವರ ಗುರಿ ಯಾವಾಗಲೋ ದಾಟಿತು, ಎಲ್ ಅಂಡ್ ಟಿಯ ಗುರಿಯೂ ದಾಟಿತು. ದೇಶ ಇನ್ನೂ ಯಾಕೆ ಕಟ್ಟಿ ಮುಗಿದಿಲ್ಲವೆಂದು ಕಂಟ್ರಾಕ್ಟರನ್ನು ಕೇಳಬೇಕು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ರಸವತ್ತಾದ ಸಂಗತಿ. 2019ರಲ್ಲಿ ಹೆಂಗಸರ ಮನೆಗೆಲಸ 299 ನಿಮಿಷ ಇತ್ತು. ಐದು ವರ್ಷದಲ್ಲಿ ಹತ್ತು ನಿಮಿಷ ಇಳಿದಿದೆ, ಸಂತೋಷ. ಗಂಡಸರದು? 97 ಇದ್ದದ್ದು 88ಕ್ಕೆ ಇಳಿದಿದೆ. ಅಂದರೆ ಮಿಕ್ಸಿ, ವಾಷಿಂಗ್ ಮೆಷಿನ್ನು, ಸ್ವಿಗ್ಗಿ, ಲಾಕ್‌ಡೌನು ಎಲ್ಲ ಸೇರಿ ಹೆಂಗಸರಿಗೆ ಹತ್ತು ನಿಮಿಷ, ಗಂಡಸರಿಗೆ ಒಂಬತ್ತು ನಿಮಿಷ ಬಿಡುಗಡೆ ಕೊಟ್ಟಿವೆ. ಇದಕ್ಕಿಂತ ಸಮಾನತೆ ಬೇಕೆ? ಇದೇ ವೇಗದಲ್ಲಿ ನಡೆದರೆ ಇನ್ನು ಅರ್ಧ ಶತಮಾನದಲ್ಲಿ ಗಂಡಸರ ಮನೆಗೆಲಸ ಸೊನ್ನೆ ಮುಟ್ಟುತ್ತದೆ, ಹೆಂಗಸರದು ಆಗಲೂ ದಿನಕ್ಕೆ ಮೂರು ಗಂಟೆಯ ಮೇಲೆ ಇರುತ್ತದೆ. ನೆನಪಿರಲಿ, ಈ 88 ನಿಮಿಷವೂ ಎಲ್ಲ ಗಂಡಸರದಲ್ಲ. ಮನೆಗೆಲಸಕ್ಕೆ ಕೈ ಹಾಕುವವರೇ ನೂರಕ್ಕೆ ಇಪ್ಪತ್ತೇಳು ಮಂದಿ. ಮಿಕ್ಕವರು ಮೇಲಂತಸ್ತಿನಲ್ಲಿದ್ದಾರೆ.

ಬೆಲೆಯ ಮಾತಿಗೆ ಬಂದರೆ ಬೇರಿಕೆಯಂಥ ಊರಿನಲ್ಲಿದ್ದು ನೋಡಬೇಕು. ತಮಿಳುನಾಡು ಸರ್ಕಾರ 2023ರ ಸೆಪ್ಟೆಂಬರಿನಿಂದ ಮನೆಯೊಡತಿಯರಿಗೆ ತಿಂಗಳಿಗೆ 1000 ರೂಪಾಯಿ ಕೊಡುತ್ತಿದೆ. ಅದು ದಾನವಲ್ಲ, ಹಕ್ಕಿನ ಹಣ ಎಂದು ಹೆಸರಿನಲ್ಲೇ ಹೇಳಿದೆ. ಅದಕ್ಕೆ ಕೆಲವೇ ದಿನಗಳ ಹಿಂದಷ್ಟೇ ಕರ್ನಾಟಕ ಗೃಹಲಕ್ಷ್ಮಿ ಶುರು ಮಾಡಿತ್ತು, ಅಲ್ಲಿ 2000. ನಮ್ಮ ಎದುರು ಮನೆಯ ಅಜ್ಜಿಗೆ ಸಾವಿರ ಬರುತ್ತದೆ. ಮಾಲೂರು ಕಡೆ ಕೊಟ್ಟ ಅವರ ತಂಗಿಗೆ ಎರಡು ಸಾವಿರ. ಇಬ್ಬರೂ ಒಂದೇ ತಾಯಿಯ ಹತ್ತಿರ ರಾಗಿ ಬೀಸಲು ಕಲಿತವರು. ದಿನಕ್ಕೆ 289 ನಿಮಿಷದ ಲೆಕ್ಕ ಹಿಡಿದರೆ ಅಕ್ಕನಿಗೆ ಗಂಟೆಗೆ ಏಳು ರೂಪಾಯಿ ಬಿತ್ತು, ತಂಗಿಗೆ ಹದಿನಾಲ್ಕು. 1956ರಲ್ಲಿ ರಾಜ್ಯಗಳ ಗಡಿ ಗುರುತಿಸಿದವರಿಗೆ, ಮುಂದೊಂದು ದಿನ ಪಾತ್ರೆ ತೊಳೆಯುವ ಕೂಲಿಯೂ ಆ ಗೆರೆಯ ಮೇಲೆ ನಿಲ್ಲುತ್ತದೆ ಎಂದು ಹೊಳೆದಿರಲಾರದು. ಅಜ್ಜಿ ಪ್ರತಿ ತಿಂಗಳೂ ಬಂದು ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು, ‘ಗಡಿ ಯಾಕ್ ಇಂಗ್ ಮಾಡವ್ರೆ, ನೋಡಮ್ಮ ಸ್ವಲ್ಪ’ ಎನ್ನುತ್ತಾರೆ. ಪಟ್ಟಾ ಚಿಟ್ಟಾ ಸರಿಮಾಡುವವಳಿಗೆ ಗಡಿ ಸರಿಮಾಡುವುದೇನು ಮಹಾ.

ನಮ್ಮ ಮನೆಗೆ ಆ ಸಾವಿರವೂ ಇಲ್ಲ. ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದಾರೆ, ಅವರಲ್ಲಿ ನಾನೂ ಒಬ್ಬಳು. ಒಮ್ಮೆ ಅತ್ತೆ ಅದನ್ನು ಸ್ವಲ್ಪ ಬೇಸರದಿಂದಲೇ ಆಡಿದರು: ನಿನ್ನ ದೆಸೆಯಿಂದ ನನಗೆ ಬರೋದೂ ತಪ್ಪಿತು. ನಾನು ತಮಾಷೆಗೆ, ಹುಳದ ಕಾಲದಲ್ಲಿ ಗೂಡಿನ ದುಡ್ಡು ಬರ್ತಿತ್ತಲ್ಲ ಅತ್ತೆ ಎಂದೆ. ಅವರು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. ‘ಗೂಡು ಮಾರ್ಕೆಟ್ಟಿಗೆ ಹೋಗ್ತಿತ್ತು, ನಿಮ್ಮಾವ ಹೋಗ್ತಿದ್ರು. ದುಡ್ಡು ಎಷ್ಟು ಬಂತು ಅಂತ ನಾನು ಕೇಳ್ದೋಳೇ ಅಲ್ಲ. ಒಂದ್ಸಲ ಮಾತ್ರ ಬಳೆ ತಂದಿದ್ರು.’ ಸೊಪ್ಪು ಕತ್ತರಿಸಿದ್ದು, ಹಿಕ್ಕೆ ಬಾಚಿದ್ದು, ಹಣ್ಣಾದ ಹುಳವನ್ನು ಒಂದೊಂದಾಗಿ ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಿದ್ದು, ಗೂಡು ಬಿಡಿಸಿದ್ದು ಅತ್ತೆ. ಆ ಮನೆಯಲ್ಲಿ ಮರ್ಯಾದೆ ಇದ್ದದ್ದು ಹುಳಕ್ಕೆ, ದುಡ್ಡು ಇದ್ದದ್ದು ಮಾವನಿಗೆ, ನಿದ್ದೆಗೆಟ್ಟಿದ್ದು ಇವರಿಗೆ. ಆವತ್ತಿನಿಂದ ನಾನು ಅವರೊಡನೆ ಜಗಳ ಆಡುವಾಗ ಸ್ವಲ್ಪ ರಿಯಾಯಿತಿ ಕೊಟ್ಟೇ ಆಡುತ್ತೇನೆ.

ಸಂಜೆಯ ಪಾಳಿ ಮಗಳ ಹೋಮ್‌ವರ್ಕಿನದು. ತಮಿಳುನಾಡಿನಲ್ಲಿ 2006ರ ಕಾಯ್ದೆಯಂತೆ ಶಾಲೆಗಳಲ್ಲಿ ತಮಿಳು ಕಡ್ಡಾಯ. ಅವಳು ಕಲಿಯುತ್ತಾಳೆ, ಚೆನ್ನಾಗಿಯೇ ಕಲಿಯುತ್ತಾಳೆ. ಮಾಲೂರು ಸೀಮೆಯಲ್ಲಿ ಕನ್ನಡ ಓದಿ ಬಂದ ನನಗೆ ಬಸ್ಸಿನ ಬೋರ್ಡು ಓದಲು ಬರುತ್ತದೆ, ಅದೂ ಬಸ್ಸು ನಿಂತಿದ್ದರೆ. ನಾನು ಇಂಗ್ಲಿಷಿನಲ್ಲಿ ‘ಮುಂದಿನ ವಾರ ಮುಗಿಸಿಕೊಡುತ್ತೇವೆ’ ಎಂದು ಸುಳ್ಳು ಹೇಳುತ್ತಿರುವಾಗಲೇ ಮೇಜಿನ ಕೆಳಗಿಂದ ಪ್ರಶ್ನೆ ಬರುತ್ತದೆ: ‘ಅಮ್ಮ, ಮಳೆ ಬರೆಯೋಕೆ ಯಾವ ಳ?’ ತಮಿಳಿನಲ್ಲಿ ಅದಕ್ಕೆ ಬೇರೆಯೇ ಅಕ್ಷರ. ಹಳಗನ್ನಡದಲ್ಲೂ ಇತ್ತು, ನಾವು ಕೈಬಿಟ್ಟೆವು. ಪಂಪ ಇದ್ದಿದ್ದರೆ ತಟ್ಟನೆ ಹೇಳುತ್ತಿದ್ದ. ಅವನಿಗೆ ಆರೂವರೆಗೆ ರಿವ್ಯೂ ಮೀಟಿಂಗ್ ಇರಲಿಲ್ಲ. ‘ನಿಮ್ಮಪ್ಪನನ್ನ ಕೇಳು’ ಎನ್ನುತ್ತೇನೆ. ಈ ಊರಲ್ಲೇ ಓದಿದವರು, ಅವರಿಗೆ ಮೂರೂ ಭಾಷೆ ಗೊತ್ತು. ‘ಅಪ್ಪ ಆಫೀಸ್‌ನಲ್ಲಿದಾರೆ’ ಎನ್ನುತ್ತಾಳೆ ಮಗಳು. ಕಲಿಸಬೇಕಾದದ್ದನ್ನೆಲ್ಲ ಮನೆ ಅವಳಿಗೆ ಕಲಿಸಿಯಾಗಿದೆ.

ಇಷ್ಟೆಲ್ಲ ಸುಸೂತ್ರವಾಗಿ ನಡೆದಿರುವಾಗ ಕಂಪನಿಯಿಂದ ಮೇಲ್ ಬಂತು. ಒಬ್ಬರನ್ನೊಬ್ಬರು ಕಂಡು, ನಕ್ಕು, ಒಟ್ಟಿಗೆ ಕಾಫಿ ಕುಡಿದರೆ ಹೊಸ ಐಡಿಯಾಗಳು ಹುಟ್ಟುತ್ತವೆ. ಆದ್ದರಿಂದ ಇನ್ನು ವಾರಕ್ಕೆ ಮೂರು ದಿನ ಎಲ್ಲರೂ ಆಫೀಸಿಗೆ ಬರತಕ್ಕದ್ದು. ಬರುವುದೂ ಈಗ ಸುಲಭ ಎಂದು ಸಹೋದ್ಯೋಗಿಯೊಬ್ಬಳು ಧೈರ್ಯ ಹೇಳಿದಳು. 2025ರ ಆಗಸ್ಟಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಬಂದಿದೆ, ಸಿಲ್ಕ್ ಬೋರ್ಡಿನ ಮೇಲೇ ಹಾದುಹೋಗುತ್ತದೆ. ಬೊಮ್ಮಸಂದ್ರ ತಲುಪಲು ಬೇರಿಕೆಯಿಂದ ಎಷ್ಟು ಬಸ್ಸು ಹಿಡಿಯಬೇಕೆಂಬುದು ಮಾತ್ರ ಐಡಿಯಾ ಹುಟ್ಟಿಸುವವರಿಗೆ ಬಿಟ್ಟದ್ದು.

ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ, ಆದರೂ ನಿಜ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಅತ್ತಿಬೆಲೆ ಬರುವ ತನಕ ಯಾರೂ ಪಟ್ಟಾ ಕೇಳುವುದಿಲ್ಲ. ಆದರೆ ಮನೆಗೆ ಸೂತಕ ಬಡಿಯಿತು. ಅಂದು ರಾತ್ರಿ ಊಟದ ಹೊತ್ತಿಗೆ ನನ್ನ ಕೆಲಸಗಳ ಪಟ್ಟಿ ಮೊಟ್ಟಮೊದಲ ಬಾರಿಗೆ ತಯಾರಾಯಿತು. ನಾನು ಇಷ್ಟೆಲ್ಲ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮಗಳನ್ನು ಶಾಲೆಯ ವ್ಯಾನಿನಿಂದ ಇಳಿಸಿಕೊಳ್ಳಲು ಒಬ್ಬರು ಬೇಕು. ಡೈರಿಗೆ ಹಾಲು ಹಾಕಿದ ಲೆಕ್ಕ ಬರೆಯಲು ಬೇಕು. ಪಾಲಿಹೌಸಿನ ಮೋಟಾರಿಗೆ ಕರೆಂಟ್ ಬಂದಾಗ ಭಾವನವರಿಗೆ ಫೋನ್ ಮಾಡಲು ಬೇಕು. ಮಾವನ ಸಕ್ಕರೆ ಮಾತ್ರೆ, ಗುಲಾಬಿ ಪೆಟ್ಟಿಗೆಯ ಬಿಲ್ಲು, ಸಂಘದ ಸಾಲದ ಕಂತು. ಇಬ್ಬರು ಆಳು ಇಟ್ಟರೂ ಸಾಲದು, ಇಟ್ಟರೆ ಅವರ ಸಂಬಳ ಎಲ್ಲಿಂದ ಎಂದು ಮೈದುನ ಕ್ಯಾಲ್ಕುಲೇಟರ್ ತೆಗೆದ. ‘ಅತ್ತಿಗೆ ಸಂಬಳದಾಗೇ ಕೊಡೋಣ’ ಎಂದು ಅವನೇ ದಾರಿ ತೋರಿಸಿದ. ಒಬ್ಬರಾದರೂ, ನಾನು ಹೋದರೆ ಆ ಕೆಲಸವನ್ನು ತಾನು ಮಾಡುತ್ತೇನೆ ಎಂದರೇ ಎಂದು ಕೇಳುತ್ತೀರೇನೋ. ಅಂಥ ಮಾತು ಊಟದ ಹೊತ್ತಿಗೆ ಆಡಬಾರದು.

ಕಂಪನಿಯ ಮೇಲ್‌ನ ಕೊನೆಯಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟಿದ್ದರು. ತೀರಾ ಅನಿವಾರ್ಯ ಕಾರಣವಿದ್ದವರು ಫಾರಂ ತುಂಬಿದರೆ ಮನೆಯಿಂದಲೇ ಮುಂದುವರಿಯುವ ಬಗ್ಗೆ ಯೋಚಿಸಲಾಗುವುದು. ಮರುದಿನ ಭಾನುವಾರ. ನಡುಮನೆಯಲ್ಲೇ ಲ್ಯಾಪ್‌ಟಾಪು ಇಟ್ಟುಕೊಂಡು ಫಾರಂ ತೆರೆದೆ. ಮಾವ ಆರಾಮ ಕುರ್ಚಿಯಲ್ಲಿ ಪೇಪರು ಹರಡಿದ್ದರು. ಭಾವ ಯಾರಿಗೋ ಫೋನ್ ಹಚ್ಚಿ ಗುಲಾಬಿ ರೇಟು ವಿಚಾರಿಸುತ್ತಿದ್ದರು. ಮೈದುನ ಟಿವಿಯ ಮುಂದೆ ಮ್ಯಾಚಿಗೆ ಅಂಟಿದ್ದ. ಗಂಡ ಎರಡನೇ ಕಾಫಿಗೆ ಮೇಲಿನಿಂದ ಇಳಿದು ಬಂದು ಸೋಫಾದಲ್ಲಿ ಕಾಲು ಚಾಚಿದ್ದರು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ಕೈ ಒರೆಸಿಕೊಳ್ಳುತ್ತ ಕೇಳಿದರು:

‘ಏನಮ್ಮ ಕೇಳವ್ರೆ ಅದ್ರಾಗೆ?’

‘ಮನೆಯಿಂದಲೇ ಯಾಕೆ ಕೆಲಸ ಮಾಡಬೇಕು ಅಂತ ಕಾರಣ ಬರೀಬೇಕಂತೆ, ಅತ್ತೆ.’

ಅತ್ತೆ ನಡುಮನೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯ ತನಕ ನೋಡಿದರು.

‘ಮನೇಲಿ ಯಾರೂ ಇಲ್ಲ ಅಂತ ಬರಿ.’